ಅಗಸಿಗೆ ಕೇಳದ ಜೋಗುಳ

ನಮ್ಮ ಪೇಟಿಯ ತಿದಿ ಎಳೆದರೆ ಇವತ್ತಿಗೂ ಒಣದ್ರಾಕ್ಷಿಯ ವಾಸನೆ ಬರುತ್ತದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುವುದು, ಅದನ್ನು ಬಾರಿಸುವ ಹೆಂಗಸಿಗೆ ಪೇಟಿ ಶಾಂತಕ್ಕ ಅನ್ನುವುದು. ಆ ಶಾಂತಕ್ಕ ನಾನೇ. ಹೆಸರಿಗೂ ಸ್ವಭಾವಕ್ಕೂ ಏನೂ ಸಂಬಂಧವಿಲ್ಲ ಎಂದು ನಮ್ಮ ಯಜಮಾನರು ಮದುವೆಯಾದ ವರ್ಷದಿಂದಲೂ ಹೇಳುತ್ತ ಬಂದಿದ್ದಾರೆ.

ಮೊನ್ನೆ ತವರಿನಿಂದ ತಮ್ಮನ ಹೆಂಡತಿ ಬಂದಿದ್ದಳು. ಏನಾದರೂ ಬಾರಿಸಿರಿ ಅಂದಳೆಂದು ಮುಚ್ಚಿಟ್ಟಿದ್ದ ಪೇಟಿ ತೆಗೆದು ಎರಡು ಸಲ ತಿದಿ ಎಳೆದೆ. ಆಕೆ ಮೂಗರಳಿಸಿ ಅಡುಗೆಮನೆಯ ಕಡೆ ನೋಡಿದಳು. ಪಾಯಸಕ್ಕೆ ಇಟ್ಟೀರೇನು ಎಂದು ಕೇಳಿದಳು. ಪಾಯಸ ಇಲ್ಲ ಏನೂ ಇಲ್ಲ, ಮೂರು ವರ್ಷದ ಹಿಂದೆ ಈ ಪೇಟಿ ಒಂದು ಹಂಗಾಮು ಪೂರ್ತಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕಳೆದಿತ್ತು ಎಂದೆ. ದ್ರಾಕ್ಷಿಯ ಸಿಹಿ, ಬಣ್ಣ ಉಳಿಯಲೆಂದು ಕೊಡುವ ಗಂಧಕದ ಹೊಗೆ, ದ್ರಾಕ್ಷಿ ಹರವುವ ಜಾಳಿಗೆಯ ಮೇಲಿನ ಬಿಸಿಲು, ಎಲ್ಲವನ್ನೂ ಅದು ಒಳಗೆ ಎಳೆದುಕೊಂಡು ಕೂತಿದೆ. ಆ ಹಂಗಾಮಿನಲ್ಲೇ ನನ್ನ ಕಿವಿಗೆ ಮಷಿನ್ ಬಂದದ್ದು, ಪೇಟಿ ನನ್ನ ಕೈತಪ್ಪಿ ಹೋಗುವುದರಲ್ಲಿದ್ದದ್ದು.

ನನ್ನ ತವರು ಬೇಡಕಿಹಾಳ. ಅಲ್ಲಿಯ ಕಬ್ಬಿನ ಹೊಲದ ನಡುವಿನ ಮನೆಯಲ್ಲಿ ಅಪ್ಪ ನನಗೆ ಪೇಟಿ ಕಲಿಸಿದ. ಬೇರೆಯವರ ಅಪ್ಪಂದಿರು ಮಗಳ ಹಿಂದೆ ಕಪಾಟು, ಹಂಡೆ ಕಳಿಸಿದರೆ ನಮ್ಮಪ್ಪ ಟ್ರ್ಯಾಕ್ಟರಿನಲ್ಲಿ ಕೌದಿ ಹಾಸಿ, ಅದರ ಮೇಲೆ ಪೇಟಿ ಇಟ್ಟು ಕಳಿಸಿದ. ಗಂಡನ ಊರಾದ ತೆಲಸಂಗಕ್ಕೆ ಬಂದಿಳಿದಾಗ ಕಬ್ಬು ಬಿಟ್ಟು ಬೇರೆ ಬೆಳೆ ಕಂಡವಳಲ್ಲ ನಾನು. ಒಣ ನೆಲ, ಬಿರುಗಾಳಿ, ಕಣ್ಣು ಹಾಯುವಷ್ಟು ದೂರ ನೆರಳಿಲ್ಲ. ಅಳು ಬಂತು. ಆದರೆ ನಮ್ಮ ಹಿರಿಯ ನೆಗೆಣ್ಣಿ, ಅಂದರೆ ಭಾವನ ಹೆಂಡತಿ ಕಸ್ತೂರಕ್ಕ, ಪೇಟಿ ನೋಡಿದ್ದೇ ನನ್ನ ಕೈ ಹಿಡಿದು ಗುಡಿಗೆ ಕರೆದುಕೊಂಡು ಹೋದಳು. ಊರಿನ ಹೆಣ್ಣುಮಕ್ಕಳ ಭಜನಿ ಮೇಳದ ಮುಂದಾಳು ಅವಳು. ಅಲ್ಲಿಯವರೆಗೆ ಬರೀ ತಾಳದ ಮೇಲೆ ಹಾಡುತ್ತಿದ್ದರಂತೆ. ಅವತ್ತಿನಿಂದ ಕಸ್ತೂರಕ್ಕನ ಬಲಗಡೆಯ ಜಾಗ ನನ್ನದಾಯಿತು.

ಕಸ್ತೂರಕ್ಕನ ದನಿಯ ಬಗ್ಗೆ ಹೇಳಬೇಕು. ಅವಳು ಗುಡಿಯಲ್ಲಿ ಕೂತು ಹಾಡಿದರೆ ಊರ ಬಾಗಿಲಿಗೆ, ನಮ್ಮ ಮಾತಿನಲ್ಲಿ ಅಗಸಿಗೆ, ಕೇಳುತ್ತಿತ್ತು. ನಮ್ಮ ಅತ್ತೆ ಬದುಕಿದ್ದಾಗ ಅಗಸಿ ಕಟ್ಟೆಯ ಮೇಲೆ ಕೂತು ಕೇಳಿ ಬಂದು, ಇವತ್ತು ನನ್ನ ಸೊಸಿ ಅಗಸಿ ಮಟಾ ಬಂದಿದ್ದಳು ಎಂದು, ಅಂದರೆ ಅವಳ ದನಿ ಅಗಸಿಯ ತನಕ ಮುಟ್ಟಿತೆಂದು, ಮಂದಿಗೆಲ್ಲ ಹೇಳುತ್ತಿದ್ದರು. ಆಮೇಲೆ ನಮ್ಮ ಮೇಳದಲ್ಲಿ ಅದೇ ಅಳತೆಯಾಯಿತು. ಹಾಡು ಚಂದವಾಯಿತೇ ಎಂದು ಯಾರೂ ಕೇಳರು. ಅಗಸಿಗೆ ಕೇಳಿತೇ ಎಂದು ಕೇಳುವರು.

ನನ್ನ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ಪೇಟಿಯ ಬಲಗಡೆಯ ಮೇಲಿನ ಮನೆಗಳು, ಅಂದರೆ ಎತ್ತರದ ಸ್ವರದ ಕೀಲಿಗಳು, ಮಂಕಾದವು. ಸ್ವರದ ಪಟ್ಟಿಗಳಿಗೆ ಧೂಳು ಹಿಡಿದಿದೆ ಎಂದುಕೊಂಡು ಅಥಣಿಯಲ್ಲಿ ಪೇಟಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಬಿಚ್ಚಿ, ಒರೆಸಿ, ಬಾರಿಸಿ ತೋರಿಸಿ ಚಲೋ ಐತಿ ಅಂದರು. ಮನೆಗೆ ಬಂದರೆ ಮತ್ತೆ ಮಂಕು. ಎರಡನೆಯ ಸಲ ಒಯ್ದು ಜಗಳಕ್ಕೇ ನಿಂತೆ. ನೀವು ಕೆಲಸ ಮಾಡಿಲ್ಲ, ಸುಮ್ಮನೆ ಬಟ್ಟೆಯಲ್ಲಿ ಒರೆಸಿ ಕೊಟ್ಟೀರಿ ಎಂದು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಪೇಟಿ ಬರೋಬರಿ ಐತ್ರಿ ಅಕ್ಕಾರ. ನೀವು ಒಮ್ಮೆ ಕಿವಿ ತೋರಸರಿ" ಅಂದರು.

ಅದನ್ನೂ ಅವರು ಎರಡು ಸಲ ಹೇಳಬೇಕಾಯಿತು.

ನಿಜ ಹೇಳಬೇಕೆಂದರೆ ಗೊತ್ತಾಗುವಷ್ಟು ಗೊತ್ತಿತ್ತು. ಮನೆಯಲ್ಲಿ ಟಿವಿಯ ದನಿ ಏರಿಸಿ ಏರಿಸಿ ಪಕ್ಕದ ಮನೆಯವರಿಗೂ ಧಾರಾವಾಹಿ ಕೇಳಿಸುತ್ತಿದ್ದೆ. ಕಿವಿ ಮಂದಾದ ಮೇಲೆ ಮಂದಿ ನನ್ನ ಬೆನ್ನ ಹಿಂದೆ ಮಾತಾಡುವ ಕಷ್ಟವನ್ನೇ ಬಿಟ್ಟಿದ್ದರು, ಮುಂದೆಯೇ ಆಡುತ್ತಿದ್ದರು. ತುಟಿ ನೋಡಿ ತಿಳಿದುಕೊಳ್ಳುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. "ಪಾಪ, ಕಿವಡಿ ಆದ್ಲು" ಎಂಬುದನ್ನು ಎಷ್ಟು ತುಟಿಗಳ ಮೇಲೆ ಓದಿದ್ದೇನೋ. ಕಿವಡಿ ಎಂಬುದಕ್ಕಿಂತ ಆ ಪಾಪ ಎಂಬುದಕ್ಕೆ ನನಗೆ ಮೈಯುರಿಯುತ್ತಿತ್ತು.

ಮಿರಜಕ್ಕೆ ಹೋದೆವು. ಅಥಣಿ, ಕಾಗವಾಡ ದಾಟಿ ಬಸ್ಸಿನಲ್ಲಿ ಹೋದರೆ ನಮಗೆ ಎಲ್ಲ ರೋಗಕ್ಕೂ ಅದೇ ಊರು. ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ನನ್ನನ್ನು ಮಾವಶಿ ಎಂದು ಕರೆದು ಮರಾಠಿಯಲ್ಲೇ ಎಲ್ಲ ಕೇಳಿದರು. ಎರಡೂ ಕಿವಿಗೆ ಮಷಿನ್ ಬೇಕೆಂದರು. ಅವು ಕೈಗೆ ಬರುವ ಹೊತ್ತಿಗೆ ನಮ್ಮ ತೋಟದಲ್ಲಿ ದ್ರಾಕ್ಷಿ ಕಟಾವು ಶುರುವಾಗಿತ್ತು.

ಮೊದಲ ವಾರ ಲೋಕವೆಲ್ಲ ನನ್ನ ಮೇಲೆ ಸಿಟ್ಟಾದ ಹಾಗಿತ್ತು. ತಾಟು ಇಟ್ಟರೆ ಸಿಡಿಲು. ಸೀರೆಯ ಸೆರಗು ಕಿವಿಗೆ ತಾಗಿದರೆ ಗರಗರ. ಶೆಡ್ಡಿನ ಹಸಿರು ಜಾಳಿಗೆ ಗಾಳಿಗೆ ಬಡಿದುಕೊಳ್ಳುತ್ತದೆ ಎಂಬುದು ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ಕಂಡಕ್ಟರು, ಕಿವಿಯಾಗಿಂದು ತಗದು ಮಾತಾಡ್ರಿ, ಹಾಡು ಆಮ್ಯಾಲೆ ಕೇಳೂವಂತ್ರಿ ಎಂದು ಬೈದ. ಇದು ಹಾಡು ಕೇಳುವುದಲ್ಲಪ್ಪಾ, ನಿನ್ನ ಬೈಗುಳ ಕೇಳುವುದು ಎಂದೆ. ಸುತ್ತಲಿದ್ದವರು ನಕ್ಕರು. ಅವರು ನಕ್ಕದ್ದೂ ಕೇಳಿತು.

ಇಷ್ಟಾದರೂ ನಾನು ಮಷಿನ್ ಹಾಕಿಕೊಂಡದ್ದು ತಾಟಿನ ಸಪ್ಪಳಕ್ಕಲ್ಲ, ಪೇಟಿಗೆ. ಒಂದು ಮುಂಜಾನೆ ಸ್ನಾನ ಮಾಡಿ, ಅಪ್ಪನನ್ನು ನೆನೆದು, ಷಡ್ಜ ಹಿಡಿದೆ. ಬಂತು. ತುಂಬಿ ಬಂತು. ಇನ್ನೇನು ಕಣ್ಣಲ್ಲಿ ನೀರಾಡಬೇಕು, ಅಷ್ಟರಲ್ಲಿ ಸ್ವರ ಥರಥರ ನಡುಗಿತು. ಆಮೇಲೆ ಮೆಲ್ಲಗೆ ಮುಳುಗಿತು. ಬೆರಳು ಎತ್ತಿ ಮತ್ತೆ ಒತ್ತಿದೆ. ಮತ್ತೆ ತುಂಬಿ ಬಂತು, ನಡುಗಿತು, ಮುಳುಗಿತು. ಬೆರಳ ಕೆಳಗೆ ಪೇಟಿ ನಿಂತು ನುಡಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು, ಮರ ಅದುರುತ್ತಿತ್ತಲ್ಲ. ಕಿವಿಯಲ್ಲಿ ಮಾತ್ರ ಇಲ್ಲ. ಮಷಿನ್ ಇಲ್ಲದಿದ್ದಾಗಿನ ಮಂಕೇ ಇದಕ್ಕಿಂತ ವಾಸಿಯಾಗಿತ್ತು ಎನ್ನಿಸಿ ಬಹಳ ದುಃಖವಾಯಿತು. ಆಮೇಲೆ ದುಃಖ ಸಿಟ್ಟಾಯಿತು. ನನಗೆ ಸಿಟ್ಟು ಬಂದರೆ ಕೆಲಸ ಬೇಗ ಆಗುತ್ತದೆ.

ಮರುದಿನ ಪೇಟಿಯನ್ನು ಕೌದಿಯಲ್ಲಿ ಸುತ್ತಿ, ಯಜಮಾನರ ಹೆಗಲ ಮೇಲೆ ಹೊರಿಸಿ, ಮಿರಜದ ಬಸ್ಸು ಹತ್ತಿದೆ. ದವಾಖಾನೆಗೆ ಪೇಟಿ ಯಾಕೆ ಎಂದು ಅವರು ಕಾಗವಾಡದವರೆಗೂ ಕೇಳುತ್ತಲೇ ಇದ್ದರು. ಹಲ್ಲು ನೋವಿದ್ದವರು ಹಲ್ಲನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೇನು ಎಂದೆ. ಆಮೇಲೆ ಕೇಳಲಿಲ್ಲ.

ಡಾಕ್ಟರಮ್ಮನ ಗಾಜಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಪೇಟಿ ಬಿಚ್ಚಿದೆ. ಅವರೂ ಕುರ್ಚಿ ಬಿಟ್ಟು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನನ್ನೆದುರು ಕೂತರು. ನಾನು ಷಡ್ಜ ಹಿಡಿಯುವುದು, ಅವರು ಏನೋ ಒತ್ತುವುದು, "ಅಜೂನ ಥರಥರತಂಯ" ಎಂದು ನಾನು ತಲೆಯಾಡಿಸುವುದು. ಇನ್ನೂ ನಡುಗುತ್ತಿದೆ, ಇನ್ನೂ ನಡುಗುತ್ತಿದೆ. ಬಾಗಿಲಲ್ಲಿ ನರ್ಸುಗಳು ಬಂದು ನಿಂತರು. ಕೊನೆಗೆ ಡಾಕ್ಟರಮ್ಮನೇ ಬಿಡಿಸಿ ಹೇಳಿದರು. ಈ ಮಷಿನ್ ಮಾತು ಕೇಳಲಿಕ್ಕೆ ಮಾಡಿದ್ದು. ಮಾತು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಒಂದೇ ಸಮ ನಿಂತ ಸದ್ದು ಬಂದರೆ ಅದನ್ನು ಫ್ಯಾನಿನ ಸದ್ದು ಎಂದೋ, ತನ್ನದೇ ಸೀಟಿ ಎಂದೋ ತಿಳಿದು ಮಷಿನ್ ಅದುಮಿ ಹಾಕುತ್ತದೆ. ಅಂದರೆ ಅದರ ಲೆಕ್ಕದಲ್ಲಿ ನಮ್ಮಪ್ಪ ಕಲಿಸಿದ ಷಡ್ಜವೂ ಫ್ಯಾನೂ ಒಂದೇ. ಅವರಿಗೆ ನಗು ಬಂತು, ನನಗೂ ಬಂತು. ಆ ಅದುಮುವ ಕೆಲಸವನ್ನೆಲ್ಲ ಬಂದ್ ಮಾಡಿ ಸಂಗೀತಕ್ಕೇ ಬೇರೆ ವ್ಯವಸ್ಥೆ ಇಟ್ಟುಕೊಟ್ಟರು. ಕಿವಿಯ ಹಿಂದಿನ ಗುಂಡಿ ಒತ್ತಿದರೆ ಮಾತಿನದು ಹೋಗಿ ಸಂಗೀತದ್ದು ಬರುತ್ತದೆ. ನಾನು ಅದಕ್ಕೆ ಭಜನಿ ಬಟನ್ ಎಂದು ಹೆಸರಿಟ್ಟೆ. ಷಡ್ಜ ಹಿಡಿದೆ. ನಿಂತಿತು. ತಿದಿಯಲ್ಲಿ ಗಾಳಿ ಇರುವವರೆಗೂ ನಿಂತಿತು. ನರ್ಸೊಬ್ಬಳು ಕೈಮುಗಿದಳು, ಯಾಕೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಬಹಳ ಜೋರು ದನಿ ಬಂದರೆ, ಯಾವ ಬಟನ್ ಇದ್ದರೂ, ಕಿವಿ ಕಾಯಲೆಂದು ಮಷಿನ್ ಅದನ್ನು ಒತ್ತಿ ಹಿಡಿಯುತ್ತದೆ, ನೆನಪಿರಲಿ ಅಂದರು. ಷಡ್ಜ ಸಿಕ್ಕ ಸಂಭ್ರಮದಲ್ಲಿದ್ದೆ. ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟೆ.

ಜೊತೆಗೆ ಒಂದು ಪಟ್ಟಿಯನ್ನೂ ಕೊಟ್ಟರು, ಹಾಕಿ ನೋಡಿ ಹೇಗಿದೆ ಹೇಳಿರಿ ಎಂದು. ಮೈಗೆ ಕಟ್ಟಿಕೊಳ್ಳುವ ಪಟ್ಟಿ. ಅದರ ಸಣ್ಣ ಮೈಕನ್ನು ವಾದ್ಯದ ಹತ್ತಿರ ಇಟ್ಟರೆ ವಾದ್ಯದ ಪೆಟ್ಟು ಪಟ್ಟಿಯಲ್ಲಿ ಗುದ್ದಿದ ಹಾಗೆ ತಿಳಿಯುತ್ತದೆ. ಮಣಿಕಟ್ಟಿಗೆ ಕಟ್ಟಿದರೆ ಬೆರಳ ಓಟ ಕೆಡುತ್ತಿತ್ತು. ತೋಳಬಂದಿ ಹಾಕುವ ಜಾಗಕ್ಕೆ ಕಟ್ಟಿಕೊಂಡೆ. ಇದ್ಯಾವ ಹೊಸ ದಾಗೀನ ಮಾಡಿಸಿದಿ ಬೇ ಎಂದು ಮೇಳದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು.

ದಾಗಿನಕ್ಕೆ ಬುದ್ಧಿ ಬರಲು ಸ್ವಲ್ಪ ದಿನ ಬೇಕಾಯಿತು. ನಮ್ಮಲ್ಲಿ ತಬಲಾ ಡಗ್ಗಾ ಬಾರಿಸುವವಳು ಸುಮಿತ್ರಾ, ಎದುರು ಮನೆಯವಳು. ಅವಳ ಡಗ್ಗದ ಪಕ್ಕ ಮೈಕ್ ಇಟ್ಟರೆ ತಾಳ, ಚಪ್ಪಾಳೆ, ಎದುರಿನ ರಸ್ತೆಯ ಟ್ರ್ಯಾಕ್ಟರು ಎಲ್ಲ ಸೇರಿ ತೋಳು ಜುಮುಗುಟ್ಟುತ್ತಿತ್ತು. ಕೊನೆಗೆ ಡಗ್ಗದ ಅಡಿಗೆ ಇಡುವ ಬಟ್ಟೆಯ ಸಿಂಬಿಯೊಳಗೇ ಮೈಕು ತುರುಕಿದೆವು. ಆಗ ಬೇರೆ ಸದ್ದೆಲ್ಲ ಬಿಟ್ಟು ಸುಮಿತ್ರಾಳ ಅಂಗೈ ಮಾತ್ರ ನನ್ನ ತೋಳಿಗೆ ಬಂತು. ಅವಳು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗೆಲ್ಲ ಯಾರೋ ತೋಳು ತಟ್ಟಿ, ಇಲ್ಲಿದ್ದೇನೆ ಎಂದ ಹಾಗೆ.

ಇನ್ನೇನು ಎಲ್ಲ ಸರಿಯಾಯಿತು ಎನ್ನುವಾಗ ತೊಂದರೆ ಬಂದದ್ದು ಪ್ರೀತಿಯಿಂದ.

ನಮ್ಮ ಊರಿನಲ್ಲಿ ಬಸವ ಜಯಂತಿಗೆ ಮಧ್ಯಾಹ್ನ ಗುಡಿಯಲ್ಲಿ ತೊಟ್ಟಿಲು ಕಟ್ಟಿ, ಬಾಲ ಬಸವಣ್ಣನನ್ನು ಮಲಗಿಸಿ, ಹೆಣ್ಣುಮಕ್ಕಳು ಜೋಗುಳ ಹಾಡುತ್ತಾರೆ. ಮೈಕು ಗೀಕು ಇಲ್ಲ, ತೂಗುವುದು, ಹಾಡುವುದು, ಅಷ್ಟೇ. ನಮ್ಮ ಮೇಳಕ್ಕೆ ವರ್ಷದ ದೊಡ್ಡ ಕೆಲಸ ಅದೇ. ದ್ರಾಕ್ಷಿ ಹಂಗಾಮು ಮುಗಿಯುವ ಹೊತ್ತಿಗೆ ಅದು ಬರುವುದರಿಂದ ನಮ್ಮ ತಾಲೀಮೆಲ್ಲ ಶೆಡ್ಡಿನಲ್ಲೇ ನಡೆಯುತ್ತಿತ್ತು. ಒಣಗಿದ ದ್ರಾಕ್ಷಿಯನ್ನು ತೊಟ್ಟು ಬಿಡಿಸಿ, ಬಣ್ಣ ನೋಡಿ ಆರಿಸುತ್ತ ಕೂತವರೇ ಹಾಡುವವರು. ಆ ವರ್ಷ ನಾನು ಮಷಿನ್ ಹಾಕಿಕೊಂಡು ಕೂತಿದ್ದೇ ತಡ, ಪಾಪ ಶಾಂತಕ್ಕನಿಗೆ ಕೇಳಲಿ ಎಂದು ಎಲ್ಲರೂ ಎಂದಿಗಿಂತ ಎತ್ತರಿಸಿ ಹಾಡತೊಡಗಿದರು. ನನ್ನ ಕಡೆ ಬಾಗಿ ಬಾಗಿ ಹಾಡಿದರು. ಕಸ್ತೂರಕ್ಕನಂತೂ ಅಗಸಿಯೇನು, ಅಥಣಿಗೇ ಕೇಳಬೇಕು, ಹಾಗೆ. ಅವರು ಏರಿಸಿದಷ್ಟೂ ನನ್ನ ಕಿವಿಯಲ್ಲಿ ದನಿಗಳು ಕಲಸಿ ಹಿಟ್ಟಿನ ಮುದ್ದೆಯಾದವು. ಕೇಳುತ್ತಿಲ್ಲ ಎಂದು ನಾನು ಮುಖ ಕಿವುಚಿದರೆ ಅವರು ಇನ್ನೊಂದು ಪಟ್ಟು ಏರಿಸುತ್ತಿದ್ದರು.

ಅದರ ಮೇಲೆ ಇನ್ನೊಂದು. ಚೀರಿ ಹಾಡುವಾಗ ಸುರ ತಾನಾಗಿ ಮೇಲೇರುತ್ತದೆ. ನಮ್ಮದು ಕಾಳಿ ನಾಲ್ಕು, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆ ನಮ್ಮ ಷಡ್ಜ. ಹಾಡು ಮುಗಿಯುವ ಹೊತ್ತಿಗೆ ಅವರೆಲ್ಲ ಕಾಳಿ ಐದರ ಹತ್ತಿರ ಹೋಗಿ ನಿಂತಿರುತ್ತಿದ್ದರು. ನಾನು ನಾಲ್ಕರಲ್ಲೇ ಇರುತ್ತಿದ್ದೆ. ನೀ ಪೇಟಿ ತಪ್ಪಿಸಾಕತ್ತಿ ಎಂದು ಕಸ್ತೂರಕ್ಕ ಹೇಳಿದಳು. ನಾನೇನು ತಪ್ಪಿಸಲಿ, ಕರಿ ಮನೆ ಎಲ್ಲಿದೆಯೋ ಅಲ್ಲೇ ಇದೆ, ನಿಮ್ಮ ಚೀರಾಟದಲ್ಲಿ ನಿಮಗೇ ಪೇಟಿ ಕೇಳುತ್ತಿಲ್ಲ, ಈಗ ಕಿವಡಿ ಯಾರು ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಆದರೆ ಎಲ್ಲರ ಮುಖ ಇಳಿಯಿತು. ತಲೆ ತಗ್ಗಿಸಿ ದ್ರಾಕ್ಷಿಯ ತೊಟ್ಟು ಬಿಡಿಸತೊಡಗಿದರು.

ಮಾರನೆಯ ದಿನ ಕಸ್ತೂರಕ್ಕ ಒಬ್ಬಳೇ ಬಂದಳು. ನನಗೆ ಕಾಣುವಂತೆ ಎದುರಿಗೇ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು.

"ಶಾಂತಾ, ಈ ಸಲ ಪೇಟಿಗೆ ಅಥಣಿಯಿಂದ ಒಬ್ಬಾಕಿ ಬರ್ತಾಳ. ನಾ ಮಾತಾಡೀನಿ. ನೀ ನನ್ನ ಬಾಜೂಕ ಕುಂತು ತಾಳಾ ಹಿಡಿ."

ತಾಳ. ಹಿತ್ತಾಳೆಯ ಆ ಸದ್ದೇ ಮಷಿನ್ನಿನಲ್ಲಿ ನನ್ನ ತಲೆ ಸೀಳುವುದು. ಅವಳಿಗೆ ಅದು ಗೊತ್ತಿಲ್ಲ, ಒಳ್ಳೆಯದಕ್ಕೇ ಹೇಳಿದಳು, ನನ್ನ ಜಾಗ ಉಳಿಸಲಿಕ್ಕೇ ಹೇಳಿದಳು. ಎದ್ದು ಹೋಗಿ ಕಣ್ಣು ತೊಳೆದುಕೊಂಡೆ. ಆ ಪೇಟಿಯ ಮೇಲೆ ಬೇರೆಯವಳ ಬೆರಳು ಓಡುವುದನ್ನು ನೆನೆಯಲಿಕ್ಕೂ ನನ್ನಿಂದ ಆಗುತ್ತಿರಲಿಲ್ಲ.

ಅದೇ ವಾರ ಅಕಾಲದ ಮೋಡ ಕಟ್ಟಿತು. ದ್ರಾಕ್ಷಿ ಜಾಳಿಗೆಯ ಮೇಲಿರುವಾಗ ಮಳೆಯ ಹನಿ ಬಿದ್ದರೆ ಕಪ್ಪಾಗಿ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಮನೆಮಂದಿಯೆಲ್ಲ ಓಡಿ ಶೆಡ್ಡಿನ ಬದಿಗೆ ತಾಡಪತ್ರಿ ಇಳಿಬಿಟ್ಟೆವು. ಮಷಿನ್‌ಗೂ ನೀರು ಆಗಬಾರದು, ದ್ರಾಕ್ಷಿಗೂ ಆಗಬಾರದು. ಕಿವಿಯ ಎರಡೂ ಮಷಿನ್ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದೆ. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಎಲ್ಲರೂ ಕೂಗಾಡುತ್ತಿದ್ದರು. ನನಗೆ ಎರಡೂ ಇಲ್ಲ, ಹಗ್ಗ ಎಳೆಯುವುದಷ್ಟೇ. ದ್ರಾಕ್ಷಿ ಉಳಿಯಿತು. ಮಳೆ ನಿಂತ ಮೇಲೆ ಒದ್ದೆ ನೆಲದ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಮತ್ತೆ ಹಾಕಿಕೊಂಡಾಗ ತಗಡಿನ ತುದಿಯಿಂದ ತೊಟ್ಟಿಕ್ಕುವ ಹನಿ ಒಂದೊಂದೇ ಕೇಳಿತು. ಸಣ್ಣ ಸದ್ದು ಇಷ್ಟು ಸ್ಪಷ್ಟ, ದೊಡ್ಡ ಸದ್ದು ಯಾಕೆ ಮುದ್ದೆ ಎಂದು ಅವತ್ತು ಒಂದು ಕ್ಷಣ ಅನ್ನಿಸಿತ್ತು. ಕೆಲಸದ ಗಡಿಬಿಡಿಯಲ್ಲಿ ಅಲ್ಲಿಗೇ ಬಿಟ್ಟೆ.

ಉತ್ತರ ಕೊಟ್ಟದ್ದು ಒಂದು ಕೂಸು. ಕಸ್ತೂರಕ್ಕನ ಮಗಳು ಬಾಣಂತನಕ್ಕೆ ಬಂದವಳು ಇನ್ನೂ ತವರಲ್ಲೇ ಇದ್ದಳು. ಅವಳ ಹೆಣ್ಣುಕೂಸು ಆಗಷ್ಟೇ ಬೋರಲು ಬೀಳಲು ಕಲಿತಿತ್ತು. ಒಂದು ಮಧ್ಯಾಹ್ನ ಅದನ್ನು ಶೆಡ್ಡಿಗೇ ತಂದು, ಕಬ್ಬಿಣದ ಕಂಬಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದ್ದರು. ಅಥಣಿಯವಳು ಮರುದಿನ ಬರುವವಳಿದ್ದಳು. ಅವಳು ಬರುವ ಮುಂಚೆ ಜೋಗುಳ ಒಮ್ಮೆ ನೋಡಿಕೊಳ್ಳೋಣ ಎಂದಳು ಕಸ್ತೂರಕ್ಕ. ಆದರೆ ಕೂಸು ಹಟ ಮಾಡಿ ಮಾಡಿ ಈಗ ಮಲಗಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದಳು. ಸುಮಿತ್ರಾ ಬೆರಳ ತುದಿಯಲ್ಲಿ ಡಗ್ಗಾ ಮುಟ್ಟಿದಳು. ಪಕ್ಕದಲ್ಲಿದ್ದ ಪೇಟಿಯನ್ನು ನಾನು ಸುಮ್ಮನೆ ರೂಢಿಯ ಮೇಲೆ ಎಳೆದುಕೊಂಡೆ, ಅರ್ಧ ಉಸಿರಿನಷ್ಟು ತಿದಿ ಒತ್ತಿದೆ.

ಮೆಲ್ಲಗೆ ಹಾಡುತ್ತಿದ್ದ ಆರೂ ಜನರ ದನಿ ಬೇರೆ ಬೇರೆಯಾಗಿ ಕೇಳಿತು. ಯಾರದು ಎಲ್ಲಿಂದ ಬರುತ್ತಿದೆ ಎಂಬುದೂ ಕೇಳಿತು. ಸಾಲು ಎತ್ತುವ ಮುಂಚೆ ಕಸ್ತೂರಕ್ಕ ಎಳೆದುಕೊಳ್ಳುವ ಉಸಿರು ಕೇಳಿತು. ಜೋರಿನಲ್ಲಿ ಎಂದೂ ಕಾಣದ ಒಂದು ಮೆದು ಅವಳ ದನಿಯಲ್ಲಿತ್ತು, ಇಷ್ಟು ವರ್ಷ ಪಕ್ಕದಲ್ಲಿ ಕೂತು, ಕಿವಿ ಚೆನ್ನಾಗಿದ್ದಾಗಲೂ ನಾನು ಅದನ್ನು ಕೇಳಿರಲಿಲ್ಲ. ಡಾಕ್ಟರಮ್ಮ ಹೇಳಿದ ಮಾತು ಆಗ ನೆನಪಿಗೆ ಬಂತು. ಇವರು ಏರಿಸಿದಷ್ಟೂ ಮಷಿನ್ ಒತ್ತಿ ಹಿಡಿಯುತ್ತಿತ್ತು. ನನಗೆ ಕೇಳಲೆಂದು ಚೀರಿ ಚೀರಿ ನನ್ನ ಕಿವಿ ಮುಚ್ಚಿದ್ದು ಇವರೇ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹಾಡು ಮುಗಿದ ಮೇಲೆ ಎಲ್ಲಾ ಕೇಳಿತು ಎಂದೆ. ಕಸ್ತೂರಕ್ಕ ನಂಬಲಿಲ್ಲ. ಎದ್ದು ಹೋಗಿ ತಾಡಪತ್ರಿಯ ಕಡೆ ಮುಖ ಮಾಡಿ ನಿಂತು, ತುಟಿ ನನಗೆ ಕಾಣದ ಹಾಗೆ, ಒಂದು ಸಾಲು ಗುನುಗಿದಳು. ನಾನು ಪೇಟಿಯಲ್ಲಿ ಹಿಂದೆ ಹೋದೆ. ಬೇಕೆಂದೇ ನಡುವೆ ಒಂದು ಸ್ವರ ತಿರುವಿದಳು. ನಾನೂ ತಿರುವಿದೆ. ಸುಮಿತ್ರಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಸ್ತೂರಕ್ಕ ತಿರುಗಿ ನೋಡಿದಳು, ಅವಳ ಮುಖದಲ್ಲಿ ಖುಷಿಯೂ ಇತ್ತು, ಚಿಂತೆಯೂ ಇತ್ತು. ನಾನೇನು ಕೇಳಲಿದ್ದೇನೆ ಎಂಬುದು ಅವಳಿಗೆ ತಿಳಿದುಹೋಗಿತ್ತು.

"ಗುಡ್ಯಾಗ ಹಿಂಗ ಸಣ್ಣ ಹಾಡಿದ್ರ ಕಸ್ತೂರೀದು ದಮ್ಮು ಮುಗೀತು ಅಂತಾರ" ಅಂದಳು. "ಅಗಸಿಗೆ ಕೇಳಬ್ಯಾಡೇನು?"

"ಕೂಸಿನ ತೊಟ್ಟಿಲ ಮುಂದ ಯಾವ ತಾಯಿ ಒದರ್ತಾಳ ಅಕ್ಕಾ? ಬಸವಣ್ಣ ನಿದ್ದಿ ಹೆಂಗ ಮಾಡ್ಬೇಕು?"

ಅವಳು ಜೋಳಿಗೆಯ ಕಡೆ ನೋಡಿದಳು. ಕೂಸು ಮಲಗೇ ಇತ್ತು. ಮತ್ತೆ ದ್ರಾಕ್ಷಿ ಆರಿಸಲು ಕೂತಳು. ನಾನು ಅವಳಿಂದ ಬಹಳ ದೊಡ್ಡದನ್ನೇ ಬೇಡಿದ್ದೆ ಎಂಬುದು ನನಗೂ ಗೊತ್ತಿತ್ತು. ನನಗೆ ಪೇಟಿ ಹೇಗೋ ಅವಳಿಗೆ ಅಗಸಿ ಹಾಗೆ, ಅತ್ತೆ ಕೊಟ್ಟುಹೋದ ಮರ್ಯಾದೆ ಅದು. ಸಂಜೆ ಅಥಣಿಯವಳಿಗೆ ಫೋನ್ ಮಾಡಿ ಬರುವುದು ಬೇಡ ಎಂದಳಂತೆ. ನನಗೆ ಬಂದು ಹೇಳಿದ್ದು ಹೀಗೆ: ಪೇಟಿ ನೀನೇ ಹಿಡಿ, ಮೆತ್ತಗೆ ಶುರು ಮಾಡೋಣ, ಆದರೆ ಗುಡಿಯಲ್ಲಿ ನನ್ನ ದನಿ ಯಾರಿಗೂ ಮುಟ್ಟುತ್ತಿಲ್ಲ ಎನ್ನಿಸಿದರೆ ನಾನು ನನ್ನ ದನಿ ತೆಗೆದೇ ತೆಗೆಯುತ್ತೇನೆ, ಆಮೇಲೆ ನಿನ್ನ ಹಣೆಬರಹ.

ಜಯಂತಿಯ ದಿನ ಗುಡಿ ತುಂಬಿತ್ತು. ಪಾನಕದ ಹಂಡೆಯ ಹತ್ತಿರ ಗದ್ದಲ, ಅಂಗಳದಲ್ಲಿ ಮಕ್ಕಳ ಓಟ, ಗಂಡಸರೆಲ್ಲ ಹೊರಗೆ ನಿಂತು ಮಾತು. ಅಗಸಿ ಕಟ್ಟೆಯ ಮೇಲೂ ಎಂದಿನಂತೆ ಮಂದಿ ಕೂತಿದ್ದರು. ತೊಟ್ಟಿಲಿಗೆ ಹೂ ಸುತ್ತಿ ಬಸವಣ್ಣನನ್ನು ಮಲಗಿಸಿದರು. ತೋಳಿಗೆ ಪಟ್ಟಿ ಕಟ್ಟಿಕೊಂಡು, ಭಜನಿ ಬಟನ್ ಒತ್ತಿ, ಕಾಳಿ ನಾಲ್ಕು ಹಿಡಿದೆ.

ಕಸ್ತೂರಕ್ಕ ಮಾತಿನಂತೆ ಮೆತ್ತಗೆ ಎತ್ತಿಕೊಂಡಳು. ಗುಡಿಯ ಗದ್ದಲ ಅದನ್ನು ನುಂಗಿಬಿಟ್ಟಿತು. ನನ್ನ ಕಿವಿಯಲ್ಲಿ ಮತ್ತೆ ಮುದ್ದೆ, ಅವಳ ದನಿಯೂ ಇಲ್ಲ, ನನ್ನ ಪೇಟಿಯೂ ಇಲ್ಲ. ತೋಳಿನ ಮೇಲೆ ಸುಮಿತ್ರಾಳ ಅಂಗೈ ಮಾತ್ರ ಬಡಿಯುತ್ತಿತ್ತು, ಅದನ್ನೇ ಹಿಡಿದುಕೊಂಡು ಬೆರಳು ನಡೆಸಿದೆ. ಎರಡನೆಯ ನುಡಿ ಬಂತು. ಬಾಗಿಲ ಹತ್ತಿರ ಯಾರೋ ನಕ್ಕಂತೆ ಕಂಡಿತು. ಕಸ್ತೂರಕ್ಕನ ಕತ್ತಿನ ನರ ಉಬ್ಬಿತು, ಎಡಗೈ ಮೆಲ್ಲಗೆ ಕಿವಿಯ ಕಡೆ ಎದ್ದಿತು. ಅವಳು ದನಿ ತೆಗೆಯುವ ಮುಂಚಿನ ಗುರುತು ಅದು, ಇಪ್ಪತ್ತೈದು ವರ್ಷದಿಂದ ನೋಡಿದ್ದೇನೆ. ಹಾಡುವವಳು ಏರುವಾಗ ಪೇಟಿಯೂ ತುಂಬಿಕೊಂಡು ಏರಬೇಕು, ಅದು ರೂಢಿ. ನಾನು ಏರಲಿಲ್ಲ. ತಿದಿಯ ಮೇಲಿನ ಕೈ ಸಡಿಲ ಬಿಟ್ಟೆ. ಪೇಟಿಯನ್ನು ಅರ್ಧ ಉಸಿರಿಗೆ, ಕೂಸು ಮಲಗಿದ ದಿನದ ಉಸಿರಿಗೆ ಇಳಿಸಿದೆ.

ಅವಳು ಕಣ್ಣು ಕೆಕ್ಕರಿಸಿ ನನ್ನನ್ನು ನೋಡಿದಳು. ನಾನೂ ನೋಡಿದೆ. ಕಿವಿಯ ಹತ್ತಿರ ಹೋಗಿದ್ದ ಕೈ ಕೆಳಗಿಳಿದು ತೊಟ್ಟಿಲ ಹಗ್ಗ ಹಿಡಿಯಿತು. ತೂಗುತ್ತ, ಬಸವಣ್ಣನ ಕಡೆ ಬಾಗಿ, ಇನ್ನೂ ಸಣ್ಣ ಮಾಡಿ ಹಾಡಿದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಹಿಂದೆ ತಿರುಗಿ ಕೈಯೆತ್ತಿ ಸುಮ್ಮನಿರಿಸಿದಳು. ಅವಳ ಹಿಂದಿನವಳು ತನ್ನ ಹಿಂದಿನವರ ಕಡೆ ತಿರುಗಿದಳು. ಹಾಗೇ ಅದು ಬಾಗಿಲವರೆಗೆ ಹೋಯಿತು, ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಮಕ್ಕಳು ನಿಂತರು. ಪಾನಕದ ಹಂಡೆಯ ಸದ್ದು ನಿಂತಿತು. ಮುದ್ದೆ ಬಿಡಿಸಿಕೊಂಡಿತು. ಒಬ್ಬೊಬ್ಬರದೇ ದನಿ ನನ್ನ ಕಿವಿಗೆ ಬಂತು, ಆರೂ ಬಂದವು. ತೊಟ್ಟಿಲ ಕೊಂಡಿ ಕಿರುಗುಟ್ಟುವುದು ಬಂತು. ಎಲ್ಲದರ ಅಡಿಯಲ್ಲಿ, ನಡುಗದೆ ಮುಳುಗದೆ, ನನ್ನ ಷಡ್ಜ ಇತ್ತು. ಅಂಥ ಸುಖವನ್ನು ನಾನು ಪೇಟಿಯ ಮುಂದೆ ಮತ್ತೆ ಯಾವತ್ತೂ ಪಟ್ಟಿಲ್ಲ. ಕೊನೆಯ ನುಡಿಗೆ ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಗಂಡಸರು ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲ ಮೇಲೆ, ಕತ್ತು ಚಾಚಿ ನಿಂತಿದ್ದರು. ಅಗಸಿ ಕಟ್ಟೆಯ ಮೇಲೆ ಕೂತಿದ್ದ ಮಂದಿಯೂ ಅವರಲ್ಲಿದ್ದರು.

ಹಾಡು ಮುಗಿದು ಸಕ್ಕರೆ ಹಂಚತೊಡಗಿದರು. ನಾನು ಪೇಟಿಗೆ ಕೌದಿ ಸುತ್ತುತ್ತ ಕೂತೆ. ಕಸ್ತೂರಕ್ಕ ನನ್ನ ಬೆನ್ನ ಹಿಂದೆ ನಿಂತು, ನನಗೆ ಕೇಳದಿರಲಿ ಎಂದು ದನಿ ತಗ್ಗಿಸಿ, ಸುಮಿತ್ರಾಗೆ ಹೇಳುತ್ತಿದ್ದಳು:

"ಅಗಸಿ ಮಟಾ ಹೋಗಲಿಲ್ಲ ಖರೆ. ಅಗಸೀನ ಇಲ್ಲಿ ಮಟಾ ಬಂತು ನೋಡ."

ನನಗೆ ಕೇಳಿತು.